ಲಿಫ್ಟ್ ಬಂದರೂ ಮುಗಿಯದ ವಾಕ್ಯ

ಮಾನ್ಯ ವಸತಿ ಅಧಿಕಾರಿಗಳೇ,

ಕ್ಷೇಮವೇ? ನಿಮ್ಮ ಮೊಣಕಾಲುಗಳು ಕ್ಷೇಮವೇ? ನಿಮ್ಮ ಬಾಗಿಲಲ್ಲಿ ಕೂರುವ ಮೀಸೆಯವರ ಕೆಮ್ಮು ಇಳಿಯಿತೇ? ಟೈಪು ಮಾಡುವ ಕನ್ನಡಕದಮ್ಮನ ಕೈನೋವು ಹೇಗಿದೆ? ಪಾಪ, ನೀವು ಹೇಳಿದ್ದನ್ನೆಲ್ಲ ಬಡಿಯುವ ಕೈ ನೋಯದೆ ಇನ್ನೇನಾದೀತು. ನಾನು ಜನ್ಮವಿಡೀ ಬರೆದದ್ದು ನೆಂಟರಿಷ್ಟರಿಗೆ ಕಾಗದ ಮಾತ್ರ. ಹಾಗಾಗಿ ಜಗಳಕ್ಕೆ ಕುಳಿತರೂ ಕೈ ಮೊದಲು ಕ್ಷೇಮ ಕೇಳುತ್ತದೆ. ಕೇಳಿದ್ದಾಯಿತು. ಇನ್ನು ಜಗಳ.

ನೀವು ಬರೆದ ಒಂದು ವಾಕ್ಯದಿಂದಾಗಿ ನನ್ನ ಅಕ್ಕ ಏಳನೇ ಮಹಡಿಯಲ್ಲಿ ಸಿಕ್ಕಿಕೊಂಡಿದ್ದಾಳೆ. ಅವಳನ್ನು ಕೆಳಗಿಳಿಸಿ.

ನೋಡಿದಿರಾ, ವಿಷಯ ಹೇಳುವುದಕ್ಕೆ ನನಗೆ ಎಷ್ಟು ಜಾಗ ಬೇಕಾಯಿತು? ಈಗ ಲಿಫ್ಟಿನ ಪಕ್ಕದ ಗೋಡೆಗೆ ನೀವು ಅಂಟಿಸಿದ ನೋಟೀಸನ್ನು ಇದ್ದದ್ದು ಇದ್ದ ಹಾಗೆ ಇಲ್ಲಿ ಬರೆದಿಳಿಸುತ್ತೇನೆ. ನೀರು ಕುಡಿದು ಕುಳಿತುಕೊಳ್ಳಿ.

"ಈ ಮೂಲಕ ಸಮಸ್ತ ನಿವಾಸಿಗಳ ಅವಗಾಹನೆಗೆ ತರಬಯಸುವುದೇನೆಂದರೆ, ಉಲ್ಲೇಖಿತ ಸುತ್ತೋಲೆಯನ್ವಯ ಹಾಗೂ ತಾಂತ್ರಿಕ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ ಕಟ್ಟಡದ ಲಂಬ ಸಂಚಾರ ವ್ಯವಸ್ಥೆಯ ಸಮಗ್ರ ಪುನಶ್ಚೇತನ ಕಾಮಗಾರಿಯನ್ನು ಕೈಗೊಳ್ಳಲು ಉದ್ದೇಶಿಸಲಾಗಿರುವುದರಿಂದ, ಸದರಿ ಅವಧಿಯಲ್ಲಿ ಉಂಟಾಗಬಹುದಾದ ಅನನುಕೂಲತೆಗೆ ಸಂಬಂಧಿಸಿದಂತೆ, ಮೇಲ್ಮಹಡಿಗಳಲ್ಲಿ ವಾಸವಿರುವ ದೈಹಿಕವಾಗಿ ಅಶಕ್ತರಾದ ನಿವಾಸಿಗಳು ನೆಲಮಹಡಿಯಲ್ಲಿ ಲಭ್ಯವಿರುವ ಖಾಲಿ ಮನೆಗಳಿಗೆ ತಾತ್ಕಾಲಿಕ ಸ್ಥಳಾಂತರ ಕೋರಿ ಮಾಸಾಂತ್ಯದೊಳಗೆ ಅರ್ಜಿ ಸಲ್ಲಿಸದೇ ಇದ್ದಲ್ಲಿ ಅಂತಹ ಕೋರಿಕೆಯನ್ನು ತದನಂತರ ಪರಿಗಣಿಸಲು ಅವಕಾಶವಿರುವುದಿಲ್ಲವೆಂಬ ಅಂಶವನ್ನು ಗಮನದಲ್ಲಿಟ್ಟುಕೊಂಡು ಸಹಕರಿಸಬೇಕೆಂದು ಕೋರುತ್ತಾ, ಎಲ್ಲರೂ ಇದನ್ನು ಓದಿ ತಿಳಿದುಕೊಂಡಿದ್ದಾರೆಂದು ಪರಿಗಣಿಸಲಾಗುವುದು."

ಇದನ್ನು ಅಂಟಿಸಿದ ದಿನ ನಾನು ಅಲ್ಲೇ ಇದ್ದೆ. ಅಕ್ಕನ ತೋಳು ಹಿಡಿದುಕೊಂಡು ಲಿಫ್ಟಿಗೆ ಕಾಯುತ್ತಿದ್ದೆ. ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ ಓದತೊಡಗಿದರು.

"ಏನಂತೆ ಮೇಷ್ಟ್ರೇ?" ಎಂದಳು ಅಕ್ಕ.

"ಇರಿ ಅಮ್ಮ, ಇನ್ನೂ ಪೀಠಿಕೆ ನಡೀತಿದೆ."

"ಲಂಬ ಸಂಚಾರ ಅಂದ್ರೇನ್ರೀ?" ಎಂದರು ಪಕ್ಕದಲ್ಲಿದ್ದ ದರ್ಜಿ.

"ಲಿಫ್ಟೇ ಇರ್ಬೇಕು. ಪುನಶ್ಚೇತನ ಅಂತಿದೆ. ಬಣ್ಣಗಿಣ್ಣ ಬಳೀತಾರೇನೋ."

"ಬಳೀಲಿ ಬಿಡಿ. ಹಾಗೇ ಒಂದು ಕನ್ನಡಿ ಹಾಕ್ಸಿದ್ರೆ, ತಲೆ ನೆಟ್ಟಗಿದೆಯಾ ಅಂತ ನೋಡ್ಕೊಂಡು ಮನೆಗೆ ಹೋಗ್ಬಹುದು," ಎಂದಳು ಅಕ್ಕ.

ಅಷ್ಟರಲ್ಲಿ ಲಿಫ್ಟ್ ಬಂತು. ಎಲ್ಲರೂ ಹತ್ತಿದೆವು. ನಿಮ್ಮ ವಾಕ್ಯ ಇನ್ನೂ ಅರ್ಧ ದಾರಿಯಲ್ಲಿತ್ತು. ಲಿಫ್ಟಿಗೆ ಕಾಯುವಷ್ಟು ಹೊತ್ತಿನಲ್ಲಿ ಓದಿ ಮುಗಿಯದ್ದನ್ನು ಲಿಫ್ಟಿನ ಪಕ್ಕ ಅಂಟಿಸುವುದಕ್ಕೆ ಎಂಥ ಬುದ್ಧಿ ಬೇಕು ಸ್ವಾಮಿ? ನಾವು ಅಲ್ಲಿ ನಿಲ್ಲುವುದು ಮೇಲೆ ಹೋಗಲಿಕ್ಕೆ, ವ್ಯಾಸಂಗ ಮಾಡಲಿಕ್ಕಲ್ಲ.

ಮುಂದಿನ ತಿಂಗಳ ಮೊದಲ ಬೆಳಗ್ಗೆ ಲಿಫ್ಟಿನ ಜಾಗದಲ್ಲಿ ಹಲಗೆ ಹೊಡೆದಿದ್ದರು. ಹಿಂದೆ ಬರೀ ಕತ್ತಲೆ, ತಂತಿ. ಆರು ತಿಂಗಳ ಕೆಲಸವಂತೆ. ಅಕ್ಕನಿಗೆ ಸೊಂಟ ಮುರಿದು ಒಳಗೆ ಕಂಬಿ ಹಾಕಿದ್ದಾರೆ. ಸಮ ನೆಲದಲ್ಲಿ ಕೋಲೂರಿ ನಡೆಯುತ್ತಾಳೆ, ಮೆಟ್ಟಿಲೆಂದರೆ ಆಗದು. ನನಗೋ ಎದೆಯ ತೊಂದರೆ. ಡಾಕ್ಟರು ಮೆಟ್ಟಿಲ ಹೆಸರೆತ್ತಬೇಡಿ ಎಂದಿದ್ದಾರೆ. ಅವಳನ್ನು ನನ್ನ ಜೊತೆಗೆ ಇಟ್ಟುಕೊಳ್ಳೋಣವೆಂದರೆ ನಾನಿರುವುದು ಹಿಂದಿನ ಓಣಿಯಲ್ಲಿ ಮಗಳ ಮನೆಯ ಒಂದು ಮೂಲೆ. ಅಲ್ಲಿ ಇನ್ನೊಂದು ಹಾಸಿಗೆ ಬಿಚ್ಚಿದರೆ ಬಾಗಿಲು ತೆರೆಯುವುದಿಲ್ಲ. ಮೊದಲ ವಾರದಲ್ಲೇ ಒಮ್ಮೆ ಆಸ್ಪತ್ರೆಗೆಂದು ಅಕ್ಕಪಕ್ಕದವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ತಿರುವಿನಲ್ಲಿ ಕುರ್ಚಿ ವಾಲಿತು. ಮತ್ತೆ ಹಾಗೆಯೇ ಮೇಲಕ್ಕೆ ಹೊತ್ತರು. "ಇನ್ಮೇಲೆ ನನ್ನನ್ನ ಹೊರೋದಾದ್ರೆ ಒಂದೇ ಸಲ, ಅದೂ ಕೆಳಕ್ಕೆ ಮಾತ್ರ," ಎಂದು ನಕ್ಕಳು. ಯಾರೂ ನಗಲಿಲ್ಲ.

ಈಗ ನಮ್ಮಿಬ್ಬರ ನಡುವೆ ಒಂದು ಬಕೆಟ್ ಇದೆ. ಅವಳು ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿ ಇಳಿಸುತ್ತಾಳೆ, ನಾನು ತರಕಾರಿಯ ಮೇಲೆ ಒಂದು ಚೀಟಿ ಇಟ್ಟು ಕಳಿಸುತ್ತೇನೆ. ಕೂಗಿ ಮಾತಾಡಿದರೆ ಬೀದಿಯವರಿಗೆಲ್ಲ ನಮ್ಮ ಮನೆ ಸುದ್ದಿ ಗೊತ್ತಾಗುತ್ತದೆ, ಅವಳಿಗೆ ಮಾತ್ರ ಕೇಳಿಸುವುದಿಲ್ಲ. ನಾನು ಒಡಹುಟ್ಟಿದವಳ ಕೈ ಮುಟ್ಟಿ ಮೂರು ತಿಂಗಳಾಯಿತು.

ನಿಮ್ಮ ಕಚೇರಿಗೆ ಬಂದೆನಲ್ಲ, ನೆನಪಿರಬೇಕು.

"ನೋಟೀಸಲ್ಲಿ ಸ್ಪಷ್ಟವಾಗಿ ಹೇಳಿದೀವಲ್ಲಮ್ಮ," ಎಂದಿರಿ.

"ಎಲ್ಲಿ ಹೇಳಿದೀರಿ, ತೋರಿಸಿ."

ನೀವು ಬೆರಳಿಟ್ಟು ಹುಡುಕತೊಡಗಿದಿರಿ. ಬೆರಳು ಒಮ್ಮೆ ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು. ಕೊನೆಗೆ ಕನ್ನಡಕದಮ್ಮ ಎದ್ದು ಬಂದು, "ಇಲ್ಲಿದೆ ಸಾರ್," ಎಂದು ತೋರಿಸಿದರು.

"ಬರೆದವರಿಗೇ ಸಿಗ್ಲಿಲ್ವಲ್ಲ ಸ್ವಾಮಿ," ಎಂದೆ.

"ಕಚೇರಿ ಭಾಷೆ ಇರೋದೇ ಹೀಗೆ. ಅರ್ಥ ಆಗ್ಲಿಲ್ಲ ಅಂದ್ರೆ ಓದಿದವರನ್ನ ಕೇಳ್ಬೇಕಿತ್ತು."

ಓದಿದ ಮೇಷ್ಟ್ರನ್ನೇ ಕೇಳಿದ್ದೆವು. ಅವರು ಬಣ್ಣ ಬಳಿಯುತ್ತಾರೆ ಎಂದರು.

ಅಂದು ಹೊರಬರುವಾಗ ನಿಮ್ಮ ಕೋಣೆಯ ಬಾಗಿಲ ಮೇಲಿನ ಹಲಗೆ ನೋಡಿದೆ. "ಅನುಮತಿಯಿಲ್ಲದೆ ಒಳಗೆ ಬರಬಾರದು." ಪಕ್ಕದಲ್ಲಿ, "ಊಟದ ಸಮಯ. ಆಮೇಲೆ ಬನ್ನಿ." ಆಹಾ, ಎಂಥ ಚೊಕ್ಕ ಬರವಣಿಗೆ. ಒಂದು ಸುತ್ತೋಲೆಯ ಉಲ್ಲೇಖವಿಲ್ಲ, ತಾಂತ್ರಿಕ ಸಮಿತಿಯ ಹಿನ್ನೆಲೆಯಿಲ್ಲ. ನಿಮಗೆ ಬರೆಯಲು ಬರುವುದಿಲ್ಲವೆಂದು ನಾನು ಅಷ್ಟು ದಿನ ಮರುಗಿದ್ದೆ. ಆ ಕ್ಷಣ ಮರುಕ ಹೋಯಿತು. ನಮ್ಮನ್ನು ಹೊರಗಿಡುವಾಗ ನಿಮಗೆ ಕನ್ನಡ ಚೆನ್ನಾಗಿ ಬರುತ್ತದೆ. ನಮಗೆ ಏನಾದರೂ ಕೊಡಬೇಕಾದಾಗ ಮಾತ್ರ ನಾಲಿಗೆ ಸುರುಳಿ ಸುತ್ತಿಕೊಳ್ಳುತ್ತದೆ.

ನನಗೆ ಬರೆಯಲು ಕಲಿಸಿದ್ದು ಅಂಚೆ ಕಾರ್ಡು. ಅಲ್ಲಿ ಜಾಗವಿರುವುದು ಇಷ್ಟೇ ಇಷ್ಟು, ಹೇಳಬೇಕಾದದ್ದು ಬೆಟ್ಟದಷ್ಟು. ನನ್ನ ಯಜಮಾನರು ತೀರಿಕೊಂಡ ದಿನ ಅಕ್ಕನಿಗೆ ಕಾರ್ಡು ಬರೆಯಲು ಕುಳಿತೆ. ಜ್ವರ ಬಂದದ್ದರಿಂದ ಶುರು ಮಾಡಿದೆ, ಔಷಧಿ, ಆಸ್ಪತ್ರೆ, ಯಾರು ಯಾರು ಬಂದರು ಎಲ್ಲ ಬರೆದೆ. ಕಾರ್ಡು ತುಂಬಿತು, ಸಾವು ಬರಲೇ ಇಲ್ಲ. ಅದನ್ನು ಹರಿದು ಇನ್ನೊಂದು ತೆಗೆದುಕೊಂಡೆ. "ಅಕ್ಕಾ, ಅವರು ಹೋದರು. ನೀನು ಬಾ." ಅಕ್ಕ ಬಂದಳು. ಹದಿನೈದು ದಿನ ನನ್ನ ಪಕ್ಕದಲ್ಲಿ ಮಲಗಿದಳು. ಅವಳು ಹಿಂತಿರುಗಿದ ಮೇಲೆ ನಾನು ಬರೆದ ಕಾಗದದಲ್ಲಿ ಮಾತ್ರ ವಾಕ್ಯಗಳು ಉದ್ದುದ್ದ ಇದ್ದವು, ಒಂದಕ್ಕೊಂದು ಕೈ ಹಿಡಿದುಕೊಂಡು ಸಾಗಿದ್ದವು, ಯಾಕೆಂದರೆ ಆಗ ನನಗೆ ಸುದ್ದಿ ಹೇಳುವುದಿರಲಿಲ್ಲ, ಅವಳ ಹತ್ತಿರ ಇನ್ನಷ್ಟು ಹೊತ್ತು ಕುಳಿತಿರುವುದು ಬೇಕಾಗಿತ್ತು.

ಉದ್ದ ವಾಕ್ಯದ ಮೇಲೆ ನನಗೆ ಹಗೆಯಿಲ್ಲ. ನನ್ನ ಹಗೆ ನಿಮ್ಮ ಮೇಲೆ. ಅಕ್ಕನ ಗಂಡ, ಈಗಿಲ್ಲದ ನಮ್ಮ ಭಾವ, ಗಾರೆ ಕೆಲಸದವರು. ಮೆಟ್ಟಿಲು ಕಟ್ಟುವಾಗ ಅಲ್ಲಲ್ಲಿ ನಿಂತು ಉಸಿರು ಬಿಡಲು ಸಮತಟ್ಟಾದ ಜಾಗ ಬಿಡುತ್ತಿದ್ದರು. ಬಿಡದವರನ್ನು ಕಂಡರೆ, "ಅವನೇನು ಹತ್ತಬೇಕಾ, ಬಿಡು" ಎಂದು ಉಗಿಯುತ್ತಿದ್ದರು. ಹಾಗೆಂದು ಮೆಟ್ಟಿಲಿಗೊಂದು ಕಟ್ಟೆ ಕಟ್ಟಿದರೂ ಮೇಲೆ ಮುಟ್ಟುವುದಿಲ್ಲ. ಎಲ್ಲವನ್ನೂ ತುಂಡು ತುಂಡು ಮಾಡಿ ಬರೆದರೆ ಓದುವವರಿಗೆ ಬೈಸಿಕೊಂಡ ಹಾಗಾಗುತ್ತದೆ. ಎಲ್ಲಿ ಹತ್ತಿಸಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದು ಹತ್ತುವವರ ಕಾಲು ನೆನೆದರೆ ತಾನಾಗಿ ತಿಳಿಯುತ್ತದೆ. ನೀವು ಯಾರ ಕಾಲು ನೆನೆದಿರಿ?

ನಿಮ್ಮ ನೋಟೀಸು ಹೀಗಿರಬಹುದಿತ್ತು:

"ಲಿಫ್ಟ್ ಬಿಚ್ಚಿ ರಿಪೇರಿ ಮಾಡುತ್ತೇವೆ. ಮುಂದಿನ ತಿಂಗಳಿನಿಂದ ಆರು ತಿಂಗಳು ಲಿಫ್ಟ್ ಇರುವುದಿಲ್ಲ. ಮೆಟ್ಟಿಲು ಹತ್ತಲಾರದವರು ನಿಮ್ಮ ಮನೆಯಲ್ಲಿ ಇದ್ದಾರೆಯೇ? ನೆಲಮಹಡಿಯಲ್ಲಿ ಎರಡು ಮನೆ ಖಾಲಿ ಇವೆ. ಈ ತಿಂಗಳು ಮುಗಿಯುವ ಮೊದಲು ಬಂದು ಕೇಳಿದರೆ, ಕೆಲಸ ಮುಗಿಯುವವರೆಗೂ ಅಲ್ಲಿ ಇರಬಹುದು. ಆಮೇಲೆ ಕೊಡುವುದಿಲ್ಲ."

ಪ್ರಶ್ನೆ ಕೇಳಿದ್ದರೆ ಮೇಷ್ಟ್ರು ತಿರುಗಿ ಅಕ್ಕನ ಕೋಲು ನೋಡುತ್ತಿದ್ದರು. ಕೊನೆಯ ಮಾತು ಕಟುವಾಗಿದ್ದರೂ ಮರುದಿನವೇ ನಿಮ್ಮ ಬಾಗಿಲಿಗೆ ಓಡಿಸುತ್ತಿತ್ತು. ಲಿಫ್ಟ್ ಬರುವ ಮೊದಲು ಎಲ್ಲವೂ ಮುಗಿಯುತ್ತಿತ್ತು.

ದರ್ಜಿಯವರು ನನ್ನ ಈ ನೋಟೀಸನ್ನು ಏಳೂ ಮಹಡಿಗಳಲ್ಲಿ ಅಂಟಿಸಿದ್ದಾರೆ. ಕೆಳಗೆ ನಾನು ಇನ್ನೊಂದು ಸಾಲು ಸೇರಿಸಿದ್ದೇನೆ: "ಯಾರೂ ಕೇಳಲಿಲ್ಲವೆಂದು ವಸತಿ ಅಧಿಕಾರಿಗಳು ಆ ಎರಡು ಮನೆಗಳನ್ನು ಸಿಮೆಂಟು ಮೂಟೆಗಳಿಗೆ ಕೊಟ್ಟಿದ್ದಾರೆ." ನೀವಾಗಿದ್ದರೆ "ದಾಸ್ತಾನು ಮಾಡಲಾಗಿದೆ" ಎಂದು ಬರೆದು ಮರೆಯಾಗುತ್ತಿದ್ದಿರಿ. ನಾನು ಹಾಗೆ ಬಿಡುವವಳಲ್ಲ. ಯಾರು ಮಾಡಿದರೋ ಅವರನ್ನು ವಾಕ್ಯದ ಒಳಗೆ ಎಳೆದು ಕೂರಿಸುತ್ತೇನೆ. ಇನ್ನು ಮುಂದೆ ನೀವು ಅಂಟಿಸುವ ಪ್ರತಿ ನೋಟೀಸಿನ ಪಕ್ಕದಲ್ಲೂ ನನ್ನದೊಂದು ಇರುತ್ತದೆ. ಜನ ಯಾವುದನ್ನು ಓದುತ್ತಾರೆಂದು ನಿಮ್ಮ ಮೀಸೆಯವರನ್ನೇ ಕಳಿಸಿ ನೋಡಿ. ಹರಿದು ಹಾಕಿದರೆ ಮತ್ತೆ ಬರೆಯುತ್ತೇನೆ. ನನಗೆ ಬೇರೆ ಕೆಲಸವಿಲ್ಲ, ಮಾತಾಡಲು ಅಕ್ಕನೂ ಪಕ್ಕದಲ್ಲಿಲ್ಲ.

ಈಗ ನನ್ನ ಬೇಡಿಕೆ. ಬರುವ ಸೋಮವಾರದೊಳಗೆ ಒಂದು ಮನೆಯ ಮೂಟೆಗಳನ್ನು ಎತ್ತಿಸಿ ಅಕ್ಕನಿಗೆ ಕೊಡಿ. ಅವಳನ್ನು ಇಳಿಸಲು ಆಸ್ಪತ್ರೆಯವರ ಪಟ್ಟಿ ಬಿಗಿಯುವ ಕುರ್ಚಿ, ಹೊರಲು ಬಲ್ಲ ಇಬ್ಬರು ಆಳುಗಳು ಬರಲಿ. ಅವರಿಗಿಂತ ಮುಂಚೆ ನೀವು ಬರಬೇಕು, ಮೆಟ್ಟಿಲಲ್ಲಿ, ಕೈಯಲ್ಲಿ ನಿಮ್ಮ ನೋಟೀಸು ಹಿಡಿದು ಗಟ್ಟಿಯಾಗಿ ಓದುತ್ತಾ. ಪೂರ್ಣವಿರಾಮ ಬರುವವರೆಗೆ ಎಲ್ಲೂ ನಿಲ್ಲುವಂತಿಲ್ಲ. ಭಾವನಂಥವರು ಬಿಟ್ಟ ಜಾಗಗಳು ದಾರಿಯಲ್ಲಿ ಸಿಗುತ್ತವೆ, ಅವು ನಿಮಗಲ್ಲ. ಏದುಸಿರು ಬಿಡುತ್ತಾ ಮೇಲೆ ಮುಟ್ಟಿದಾಗ ಅಕ್ಕ ನಿಮಗೆ ಕುರ್ಚಿ ಎಳೆದು ಕೊಡುತ್ತಾಳೆ, ನೀರು ಕೊಡುತ್ತಾಳೆ. ಅವಳ ಸ್ವಭಾವವೇ ಅಂಥದ್ದು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ನಿನ್ನೆ ಬಕೆಟ್ಟಿನಲ್ಲಿ ಅವಳ ಚೀಟಿ ಬಂದಿತ್ತು. "ಸೊಪ್ಪು ಚೆನ್ನಾಗಿತ್ತು. ನೀನು ಬಾ ಅಂತ ಬರೆಯೋ ಹಾಗಿಲ್ಲ, ಅದಕ್ಕೇ ಬರೀಲಿಲ್ಲ." ನಾನು ಬೀದಿಯಲ್ಲಿ ನಿಂತು ಓದಿದೆ. ಅವಳು ಮೇಲಿನಿಂದ ನನ್ನ ಮುಖ ನೋಡುತ್ತಿದ್ದಳು, ಹಾಗಾಗಿ ನಗಬೇಕಾಯಿತು.

ಬೇಗ ಉತ್ತರ ಬರೆಯಿರಿ. ಹೇಗೆ ಬರೆಯುವುದೆಂದು ಕೂರಬೇಡಿ, ನಾನೇ ಬರೆದು ಕೊಡುತ್ತೇನೆ: "ಮನೆ ಖಾಲಿ ಮಾಡಿಸಿದ್ದೇವೆ. ನಿಮ್ಮ ಅಕ್ಕ ಕೆಳಗಿದ್ದಾರೆ. ನೀವು ಬನ್ನಿ." ಕೆಳಗೆ ರುಜು ಹಾಕಿದರೆ ಸಾಕು.

ಇಂತಿ,
ಓದಿ ತಿಳಿದುಕೊಂಡಿದ್ದಾಳೆಂದು ನೀವು ಪರಿಗಣಿಸಿದವಳು,
ಬಕೆಟ್ಟಿನ ಕೆಳತುದಿಯ ತಂಗಿ