ಸೋಸದ ಮಳೆನೀರು

ಮಾವನವರಿಗೆ,

ಸೊಸೆಯ ನಮಸ್ಕಾರ. ನೀವು ಮುನಿಸಿಕೊಂಡು ಮಗಳ ಮನೆಗೆ ಹೋಗಿ ಇಂದಿಗೆ ಆರು ದಿನ. ನನ್ನ ಸಿಟ್ಟೂ ಇಳಿದಿಲ್ಲ, ಅದಕ್ಕೇ ಫೋನು ಮಾಡದೆ ಬರೆಯುತ್ತಿದ್ದೇನೆ.

ನಾವು ಗುತ್ತಿಗೆ ಹಿಡಿದಿರುವ ಆಸ್ಪತ್ರೆಯ ಕಿಟಕಿಗಳನ್ನು ಮೂರನೆಯ ಸಲ ತೊಳೆದು ಬಂದೆ. ಒಣಗಿದ ಮೇಲೆ ಗಾಜಿನ ತುಂಬ ಮತ್ತೆ ಬಿಳಿ ಚುಕ್ಕೆ. "ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ಕರೀತೀವಿ" ಎಂದರು ಮೇಲ್ವಿಚಾರಕಿ. ಗಾಜು ತೊಳೆಯುವ ನೀರಿನ ಉಪ್ಪು ಹೀರಬೇಕಾದ ರೆಸಿನ್ ಕಾಳುಗಳಿಗೆ ಪಾಚಿ, ಧೂಳು ಮೆತ್ತಿಕೊಂಡಿದೆ. ತೊಟ್ಟಿಯ ಮಳೆನೀರನ್ನು ಮೊದಲು ಸೋಸಿ, ಆಮೇಲೆ ರೆಸಿನ್‌ಗೆ ಬಿಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ನೀವೋ, "ಆಕಾಶದಿಂದ ಬಿದ್ದ ನೀರನ್ನೂ ಸೋಸ್ಬೇಕಂತೆ, ಸೊಸೆ ಅಪ್ಪಣೆ!" ಎಂದು ನಗಾಡಿದಿರಿ. ಆ ನೀರು ಚಾವಣಿಯ ಮೇಲಿನ ಪಾರಿವಾಳದ ಹಿಕ್ಕೆಯನ್ನೆಲ್ಲ ತೊಳೆದುಕೊಂಡು ಬರುತ್ತದೆ, ಮಾವ.

ನೀವು ತೊಳೆಯದೆ ಬಿಟ್ಟಿದ್ದ, ಮಳೆನೀರು ಸೋಸುವ ಫಿಲ್ಟರನ್ನು ತೊಳೆಯಲು ನಿನ್ನೆ ನಾನೇ ಹೋದೆ. ಅದಿರುವುದು ತೊಟ್ಟಿಯ ಬುಡದಲ್ಲಿ; ಮಂಡಿಯೂರದೆ ಕೈಗೆ ಎಟುಕುವುದಿಲ್ಲ. ಆಗ ಹೊಳೆಯಿತು: ತಿಂಗಳಿನಿಂದ ನೀವು ನೆಲಕ್ಕೆ ಬಿದ್ದ ಬಟ್ಟೆಯನ್ನೂ ಬಗ್ಗದೆ ಕೋಲಿನಿಂದಲೇ ಎತ್ತುತ್ತಿದ್ದೀರಿ. ಮಂಡಿ ನೋವೆಂದು ಒಂದು ಮಾತು ಹೇಳಬಾರದಿತ್ತೇ? ಕೈಲಾಗದವನು ಅನ್ನಿಸಿಕೊಳ್ಳುವುದಕ್ಕಿಂತ ಹಟಮಾರಿ ಅನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡಿರಾ? ಸುಮ್ಮನೆ ನನ್ನ ಕೈಲಿ ಅಷ್ಟೊಂದು ಬೈಸಿಕೊಂಡಿರಿ.

ಪ್ಲಂಬರನನ್ನು ಕರೆಸಿ ಫಿಲ್ಟರನ್ನು ಗೋಡೆಯ ಮೇಲೆ ಎದೆಮಟ್ಟಕ್ಕೆ ಏರಿಸಿದ್ದೇನೆ. ಯಾಕೆಂದು ನಿಮ್ಮ ಮಗ ಕೇಳಿದ್ದಕ್ಕೆ ನನಗೆ ಬೆನ್ನುನೋವು ಎಂದಿದ್ದೇನೆ. ಕೇಳಿದರೆ ನೀವೂ ಸೊಸೆಯ ಬೆನ್ನುನೋವಿಗೆ ಎಂದೇ ಹೇಳಿ.

ಹೊಸ ರೆಸಿನ್ ತುಂಬಿಸಿದ್ದಾಯಿತು. ಸೋಮವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿರಬೇಕು. ಮೂರನೆಯ ಮಹಡಿಯ ಗಾಜಿಗೆ ಬ್ರಷ್ ಕಟ್ಟಿದ ಉದ್ದನೆಯ ಕೋಲು ಹಿಡಿದರೆ ನನ್ನ ಕೈ ನಡುಗುತ್ತದೆ, ನಿಮ್ಮದು ನಡುಗುವುದಿಲ್ಲ. ಭಾನುವಾರವೇ ಬಂದುಬಿಡಿ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿಮ್ಮ ಸೊಸೆ