ನೀರು ತರಲು ಹೋದವರು

ಶಿರಾ
ಗುರುವಾರ, 18 ಡಿಸೆಂಬರ್ 2025

ಪ್ರೀತಿಯ ಜೈಬಾಳ ಅಬ್ಬಾ ಅವರಿಗೆ ಸುಮೈರಾಳ ಸಲಾಂ.

ಹೇಗಿದ್ದೀರಿ? ಹಣೆಗೆ ಗಾಜು ತಗುಲಿದೆ ಎಂದು ಅವತ್ತು ಫೋನಿನಲ್ಲಿ ಹೇಳಿದ್ದಿರಿ. ಗಾಯ ಒಣಗಿತೆ, ಇಲ್ಲ ಕೀವು ಕಟ್ಟಿತೆ? ಇಂಜೆಕ್ಷನ್ ಹಾಕಿಸಿಕೊಂಡಿರಾ? ಯಾರಾದರೂ ಏನಾದರೂ ಕೇಳಿಯಾರು ಎಂದು ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗಿರಲಿಕ್ಕಿಲ್ಲ, ನಿಮ್ಮನ್ನು ನಾನು ಬಲ್ಲೆ. ಹಿಂದೂಪುರದ ನಿಮ್ಮ ಖಾಲಾ ಮನೆಯ ಮಹಡಿ ಕೋಣೆಯ ಕಿಟಕಿಗೆ ಬಾಗಿಲೇ ಇಲ್ಲ, ಚಳಿ ನೇರ ಒಳಗೆ ಬರುತ್ತದೆ. ಅದಕ್ಕೆ ಸ್ವೆಟರ್ ಮತ್ತು ಕೆಮ್ಮಿನ ಔಷಧಿ ಕಳಿಸುತ್ತಿದ್ದೇನೆ. ಫೋನು ಆಫ್ ಮಾಡಿಕೊಂಡು ಅಡಗಿ ಕೂತವರಿಗೆ ಸುದ್ದಿ ಮುಟ್ಟಿಸಲು ಈ ಕಾಲದಲ್ಲೂ ಪತ್ರವೇ ಗತಿಯಾಯಿತು ನೋಡಿ. ನಿಮ್ಮ ತಮ್ಮ ಮುಸವೀರ್ ನಾಳೆ ಬೆಳಿಗ್ಗೆ ತನ್ನ ಟೈಲರ್ ಅಂಗಡಿ ತೆರೆಯದೆ ಮಧುಗಿರಿ ಬಸ್ಸು ಹತ್ತುತ್ತಾನೆ, ಅಲ್ಲಿಂದ ಕೊಡಿಗೇನಹಳ್ಳಿ ಮೇಲೆ ಹಿಂದೂಪುರಕ್ಕೆ ಬರುತ್ತಾನೆ. ಉರ್ದುವಿನಲ್ಲಿ ಬರೆದರೆ ನಿಮಗೆ ಅಲಿಫ್ ಬಿಟ್ಟು ಮುಂದಕ್ಕೆ ಓದಲು ಬಾರದು. ಆದ್ದರಿಂದ ಶಾಲೆಯ ಮಕ್ಕಳಿಗೆ ಕಲಿಸುವ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮನೆಯಲ್ಲಿ ಎಲ್ಲರೂ ಇದ್ದೇವೆ, ಅಷ್ಟು ಮಾತ್ರ ಹೇಳಬಲ್ಲೆ. ನಿಮ್ಮ ಅಮ್ಮಿ ನಮಾಜಿನ ಚಾಪೆಯಿಂದ ಏಳುವುದೇ ಕಡಿಮೆ, ಎದ್ದರೆ ನನ್ನ ಮೇಲೆ ರೇಗುತ್ತಾರೆ. ರೇಗಲಿ ಬಿಡಿ, ಅವರ ಕೈಗೆ ಸಿಗುವವಳು ನಾನೊಬ್ಬಳೇ. ಮಾವ ಬಳೆ ಅಂಗಡಿಯ ಬಾಗಿಲು ತೆಗೆಯುತ್ತಾರೆ, ಆದರೆ ಹೆಣ್ಣುಮಕ್ಕಳು ಕೈ ಚಾಚಿದರೆ ಅಳತೆ ನೋಡುವುದನ್ನೇ ಮರೆತು ಕೂತಿರುತ್ತಾರಂತೆ. ಜೈಬಾಗೆ ಅಬ್ಬಾ ಏರ್‌ಪೋರ್ಟಿಗೆ ಹೋಗಿದ್ದಾರೆ ಎಂದು ಹೇಳಿಟ್ಟಿದ್ದೇವೆ. ಇಷ್ಟು ದಿನ ಯಾವ ವಿಮಾನಕ್ಕೆ ಕಾಯುತ್ತಿದ್ದಾರೆ ಎಂದು ನಿನ್ನೆ ಕೇಳಿದಳು. ಮಂಜು ಬಿದ್ದಿದೆ, ವಿಮಾನ ಇಳಿಯಲು ಆಗುತ್ತಿಲ್ಲ ಎಂದೆ. ಮಂಜು ಎಂಬ ಮಾತು ಬಾಯಿಂದ ಬಂದದ್ದೇ ನನಗೆ ಅಳು ಒತ್ತರಿಸಿಕೊಂಡು ಬಂತು, ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚತೊಡಗಿದೆ.

ಇಂದ್ರಮ್ಮ ಮೇಡಂ ವಿಷಯ ಬರೆಯದೆ ಎಷ್ಟು ಸುತ್ತು ಹಾಕಿದರೂ ಅಲ್ಲಿಗೇ ಬರಬೇಕು. ಪಾವಗಡದ ಮಗಳು, ಪುಣೆಯಲ್ಲಿ ಕಾಲೇಜು ಮೇಷ್ಟ್ರಾಗಿದ್ದು ನಿವೃತ್ತಿಯಾದವರು. ಪ್ರತಿ ಚಳಿಗಾಲ ವಿಮಾನದಲ್ಲಿ ಬಂದಿಳಿದು ನಮಗೇ ಫೋನು ಮಾಡುತ್ತಿದ್ದರು. ನಿಡಗಲ್ಲು ಬೆಟ್ಟದ ಹಾಳು ಕೋಟೆಯಲ್ಲಿ ಬಂಡೆಯ ಮೇಲಿನ ಬರಹ ಓದುವುದು ಬಿಟ್ಟರೆ ಆ ಜೀವಕ್ಕೆ ಬೇರೆ ಆಸೆಯಿರಲಿಲ್ಲ. ಮಂಡಿ ನೋವಿನವರು, ಏರ್‌ಪೋರ್ಟಿನಿಂದ ಅಷ್ಟು ದೂರ ಬಸ್ಸು ಬದಲಿಸಿಕೊಂಡು ಹೋಗಲು ಆಗದು. ಹಳದಿ ಬೋರ್ಡಿನ ಟ್ಯಾಕ್ಸಿಯವರು ಪಾವಗಡ ಎಂದರೆ ಮುಖ ಗಂಟಿಕ್ಕುತ್ತಾರೆ, ನಡುವೆ ಆಂಧ್ರದ ನೆಲ ದಾಟಬೇಕು, ಪರ್ಮಿಟ್ ಮಾಡಿಸಬೇಕು. ಹಾಗಾಗಿ ಮಾವನ ಬಿಳಿ ಬೋರ್ಡಿನ ಸ್ವಂತ ಕಾರೇ ಅವರ ಟ್ಯಾಕ್ಸಿಯಾಯಿತು. ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆಯುವುದು ಕಾನೂನಿಗೆ ವಿರುದ್ಧ, ಆದರೂ ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ಎಲ್ಲರೂ ಪಾಲಿಸುವ ಕಾನೂನೂ ಒಂದಿದೆ. ಹಿಂದೆ ಕೂತರೆ ಬಾಡಿಗೆ ಗಿರಾಕಿ, ಮುಂದೆ ಕೂತರೆ ಮನೆಯವರು. ಆದ್ದರಿಂದ ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆಯವರನ್ನು ಯಾವತ್ತೂ ಡ್ರೈವರ್ ಪಕ್ಕಕ್ಕೇ ಕೂರಿಸುತ್ತೀರಿ. ಚೆಕ್‌ಪೋಸ್ಟಿನಲ್ಲಿ ಕೇಳಿದರೆ ಸಂಬಂಧಿಕರು ಎನ್ನಬೇಕು ಎಂದು ಮೊದಲ ಸಲ ನೀವು ಅವರಿಗೆ ಹೇಳಿಕೊಟ್ಟಾಗ ಅವರಿಗೆ ಎಲ್ಲಿಲ್ಲದ ಖುಷಿಯಾಗಿತ್ತಂತೆ. ಹಣೆ ತುಂಬ ಕುಂಕುಮ ಇಟ್ಟುಕೊಂಡು, 'ನನ್ ಮಗ ಕಣಪ್ಪಾ ಇವ್ನು, ಹೆಂಗವ್ನೆ ನೋಡು, ಥೇಟ್ ನನ್ ಹಂಗೇ' ಎಂದು ಪೊಲೀಸರ ಮುಂದೆ ನಿಮ್ಮ ಗಡ್ಡ ಸವರಿದ್ದನ್ನು ನೀವೇ ಮನೆಯಲ್ಲಿ ನಟಿಸಿ ತೋರಿಸಿದ್ದಿರಿ. ಅವತ್ತು ಅತ್ತೆ ಕೂಡ ಬಿದ್ದು ಬಿದ್ದು ನಕ್ಕಿದ್ದರು.

ಬೆಟ್ಟದ ಮೇಲಿನ ನೀರಿನ ಕತೆ ಹೇಳಿದವರೂ ನೀವೇ. ಸವೆದ ಅಕ್ಷರ ಒಣಗಿದ ಬಂಡೆಯಲ್ಲಿ ಕಾಣುವುದಿಲ್ಲ, ನೀರು ಚೆಲ್ಲಿದರೆ ಒಂದು ಗಳಿಗೆ ಎದ್ದು ಕಾಣುತ್ತದೆ, ಒಣಗುವುದರೊಳಗೆ ಓದಿಕೊಳ್ಳಬೇಕು. ಅವರು ಬಂಡೆಯ ಮುಂದೆ ಕೂತಿರುತ್ತಿದ್ದರು, ನೀವು ಕ್ಯಾನು ಹಿಡಿದು ಕೆಳಗೆ ಬಂಡೆಯಲ್ಲಿ ನೀರು ನಿಲ್ಲುವ ದೊಣೆಗೂ ಮೇಲಕ್ಕೂ ಓಡಾಡುತ್ತಿದ್ದಿರಿ. 'ಇರಿ ಮೇಡಂ, ನೀರು ತತ್ತೀನಿ' ಎಂದು ನೀವು ಹೋದರೆ, ಎಷ್ಟು ಹೊತ್ತಾದರೂ ಅವರು ಅಲ್ಲಾಡದೆ ಕಾಯುತ್ತಿದ್ದರಂತೆ. ನೀವು ನೀರಿಲ್ಲದೆ ಹಿಂದಿರುಗಿದ್ದೇ ಇಲ್ಲವಂತೆ. ಈ ಕೊನೆಯ ಮಾತು ಹೇಳಿದವರು ಮೊನ್ನೆ ಅವರೇ, ತುಮಕೂರಿನ ಆಸ್ಪತ್ರೆಯಲ್ಲಿ.

ಅದಕ್ಕೆ ಮೊದಲು ನಿಮಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ಮಂಜಿನಲ್ಲಿ ದೀಪವಿಲ್ಲದೆ ನಿಂತಿದ್ದ ಹುಲ್ಲಿನ ಟ್ರಾಕ್ಟರಿಗೆ ಕಾರಿನ ಎಡಗಡೆ ಗುದ್ದಿತು, ಅವರು ಕೂತಿದ್ದ ಕಡೆಯೇ ನಜ್ಜುಗುಜ್ಜಾಯಿತು, ಬಾಗಿಲು ತೆಗೆಯಲು ಆಗಲಿಲ್ಲ, ಅವರು ನೀರು ಕೇಳಿದರು, ತರುತ್ತೇನೆಂದು ಇಳಿದಿರಿ, ಅಷ್ಟರಲ್ಲಿ ಬೈಕುಗಳ ಸದ್ದು ಕೇಳಿತು, ಜನರ ಕೂಗು ಕೇಳಿತು, ಹೊಲಕ್ಕೆ ಬಿದ್ದು ಓಡಿದಿರಿ. ಇಷ್ಟನ್ನು ನೀವೇ ಹೇಳಿದ್ದಿರಿ. ಯಾಕೆ ಓಡಿದಿರಿ ಎಂದು ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇಲ್ಲ. ಬಂದವರು ಮೊದಲು ನಿಮ್ಮ ಹೆಸರು ಕೇಳುತ್ತಾರೆ, ಹೆಸರು ಕೇಳಿದ ಮೇಲೆ ಕುಂಕುಮದ ಹೆಂಗಸಿನ ರಕ್ತ ನೋಡುತ್ತಾರೆ, ಆಮೇಲೆ ಏನಾಗುತ್ತದೆ ಎಂಬುದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿ ನೋಡಿ ಹೆದರಿದ್ದೇವೆ. ನಿಮ್ಮ ಜಾಗದಲ್ಲಿ ನಾನಿದ್ದರೂ ನನ್ನ ಕಾಲು ನಿಲ್ಲುತ್ತಿತ್ತೆಂದು ಎದೆ ತಟ್ಟಿ ಹೇಳಲಾರೆ. ಆದರೆ ಬಂದವರು ಏನು ಮಾಡಿದರು ಎಂಬುದು ನಿಮಗೆ ತಿಳಿಯಬೇಕು.

ಬಂದವರು ಕೊಡಿಗೇನಹಳ್ಳಿ ಪಕ್ಕದ ಹಳ್ಳಿಯ ಚಿಕ್ಕನರಸಯ್ಯ, ಅವರ ಹೆಂಡತಿ ಮಾರಕ್ಕ, ಮಗ ಭೀಮರಾಜು, ಇನ್ನೂ ಕೆಲವರು, ಹಾಲು ಹಾಕಲು ಡೇರಿಗೆ ಹೊರಟಿದ್ದವರು. ಕಂಬಿಯಿಂದ ಬಾಗಿಲು ಮೀಟಿ ಮೇಡಂ ಅವರನ್ನು ಹೊರಗೆ ತೆಗೆದರು. ಮಾರಕ್ಕ ತನ್ನ ಸೀರೆಯ ಸೆರಗು ಹರಿದು ಕಟ್ಟಿದರು, ಮಧುಗಿರಿಗೆ ಹೋಗುವ ತನಕ ಟೆಂಪೊದಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಟೆಂಪೊ ಹೊರಟ ಮೇಲೆ ಉಳಿದವರು ಏನು ಮಾಡಿದರು ಗೊತ್ತೆ? ನಿಮ್ಮನ್ನು ಹುಡುಕಿದರು. ಹೊಡೆಯಲು ಅಲ್ಲ. ಡ್ರೈವರ್ ಎಗರಿ ಹೊಲಕ್ಕೆ ಬಿದ್ದಿದ್ದಾನೆ ಎಂದುಕೊಂಡರು. 'ಡ್ರೈವರ್ ಎಲ್ಲಲಾ, ಗಾಡಿ ಒಳಗಿಲ್ವಲ್ಲೋ, ನೋಡ್ರಲೇ ಎಲ್ ಬಿದ್ದವ್ನೋ' ಎಂದು ಚಿಕ್ಕನರಸಯ್ಯ ಬಂದ ಕೂಡಲೇ ಕೂಗಿದ್ದರಂತೆ. ನೀವು ಕೇಳಿದ ಕೂಗು ಅದೇ ಇರಬೇಕು. ತೊಗರಿ ಸಾಲುಗಳಲ್ಲೆಲ್ಲ ತಡಕಿದ ಮೇಲೆ, ಕಟ್ಟೆಯಿಲ್ಲದ ಹಳೆಯ ಬಾವಿಯ ಅಂಚಿನಲ್ಲಿ ನಿಮ್ಮ ಒಂದು ಚಪ್ಪಲಿ ಸಿಕ್ಕಿತು. ಓಡುವಾಗ ಕಿತ್ತು ಬಿದ್ದದ್ದು. ಅವರಿಗೆ ಅದು ಹೇಗೆ ಗೊತ್ತಾಗಬೇಕು? ಆ ಮುದುಕ ಚಿಕ್ಕನರಸಯ್ಯ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕೊರೆಯುವ ಚಳಿಯಲ್ಲಿ ಬಾವಿಗೆ ಇಳಿದು, ಮುಳುಗಿ ಮುಳುಗಿ ನಿಮ್ಮ ಹೆಣ ಹುಡುಕಿದ್ದಾರೆ. ಮಗ ಬೇಡವೆಂದರೂ ಕೇಳಲಿಲ್ಲವಂತೆ. 'ಯಾವ್ ತಾಯಿ ಹೆತ್ತ ಮಗನೋ, ಹಂಗೇ ಬುಟ್ಟು ಬರಕ್ ಆಯ್ತದಾ' ಎಂದರಂತೆ. ಭೀಮರಾಜು ಇದನ್ನೆಲ್ಲ ಆಸ್ಪತ್ರೆಯ ವರಾಂಡದಲ್ಲಿ ಹೇಳಿ, ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಕೈಗೆ ಕೊಟ್ಟ. ನನ್ನ ಮುಖ ನೋಡಿ ನಾನು ವಿಧವೆಯೆಂದೇ ತಿಳಿದು ತಲೆ ತಗ್ಗಿಸಿದ. ನೀವು ಬದುಕಿದ್ದೀರಿ ಎಂದು ಅವನಿಗೆ ಹೇಳದೆ ಕವರನ್ನು ಬ್ಯಾಗಿಗೆ ಹಾಕಿಕೊಂಡೆ. ಗಂಡ ಬದುಕಿದ್ದಾನೆಂದು ಹೆಂಡತಿ ಇಷ್ಟು ನಾಚಿಕೊಂಡದ್ದುಂಟೆ!

ಇನ್ನು ಮೇಡಂ. ಮಧುಗಿರಿಯಿಂದ ಅವರನ್ನು ತುಮಕೂರಿಗೆ ಕಳಿಸಿದರು. ಹೊಟ್ಟೆಯೊಳಗೆ ಪೆಟ್ಟಾಗಿದೆಯಂತೆ, ಬಾಯಿಗೆ ಒಂದು ಹನಿ ನೀರೂ ಹಾಕುವಂತಿಲ್ಲ. ತುಟಿ ಒಡೆದು ಹೋಗಿದೆ. ನರ್ಸ್ ಕರಿಬಸಮ್ಮ ಒದ್ದೆ ಹತ್ತಿಯಲ್ಲಿ ಆಗಾಗ ಒರೆಸುತ್ತಾರೆ. ಅತ್ತೆಯೂ ನಾನೂ ಮೊನ್ನೆ ಹೋದಾಗ ಎಚ್ಚರವಿತ್ತು. ನಮ್ಮನ್ನು ಕಂಡದ್ದೇ ಕೇಳಿದ ಮೊದಲ ಮಾತು, 'ಹುಡ್ಗ ಸಿಕ್ಕಿದ್ನೇನಮ್ಮಾ? ನೀರು ತತ್ತೀನಂತ ಹೋದ, ಬರ್ಲೇ ಇಲ್ಲ. ಅವ್ನು ಬರ್ದೇ ಇರೋನಲ್ಲ. ಏನೋ ಆಗ್ಬುಟ್ಟದೆ ಅವ್ನಿಗೆ.' ನೀವು ಅವರನ್ನು ಬಿಟ್ಟು ಓಡಿದಿರಿ ಎಂಬ ಯೋಚನೆ ಅವರಿಗೆ ಒಂದು ಕ್ಷಣಕ್ಕೂ ಬಂದಿಲ್ಲ. ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸರಿಗೂ ಅದನ್ನೇ ಹೇಳಿದ್ದಾರೆ, ಆ ಹುಡುಗನನ್ನು ಬೇಗ ಹುಡುಕಿ, ಎಲ್ಲೋ ಬಿದ್ದಿದ್ದಾನೆ ಎಂದಿದ್ದಾರೆ. ಬಾಡಿಗೆ ಗಾಡಿಯೇ ಎಂದು ಕೇಳಿದ್ದಕ್ಕೆ, ಆ ಸ್ಥಿತಿಯಲ್ಲೂ ನೀವು ಕಲಿಸಿದ ಪಾಠ ಒಪ್ಪಿಸಿದ್ದಾರೆ: 'ಬಾಡ್ಗೆ ಅಲ್ಲಪ್ಪಾ, ನನ್ ಮಗ. ನಾನು ಮುಂದಿನ ಸೀಟಲ್ಲೇ ಕೂತಿದ್ದೆ.' ಹಿಂದೆ ಕೂತಿದ್ದರೆ ಇಷ್ಟು ಪೆಟ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅತ್ತೆ ಮೇಡಂ ಅವರ ಕೈ ಹಿಡಿದು, 'ಬತ್ತಾನೆ ಕಣಮ್ಮಾ, ನೀರು ತಗಂಡೇ ಬತ್ತಾನೆ' ಎಂದುಬಿಟ್ಟರು. ಹೊರಗೆ ಬಂದವರು ಬುರ್ಖಾದೊಳಗೇ ಎದೆ ಎದೆ ಹೊಡೆದುಕೊಂಡರು.

ಮಾವ ಮಧುಗಿರಿಯಲ್ಲಿ ಅನಿಲ್ ಕುಮಾರ್ ಎಂಬ ವಕೀಲರನ್ನು ಕಂಡು ಬಂದಿದ್ದಾರೆ. ಮೇಡಂ ಹೇಳಿಕೆ ನಮಗೆ ಅನುಕೂಲವಾಗಿದೆಯಂತೆ, ಅದು ಹಾಗೇ ಗಟ್ಟಿಯಾಗಲಿ, ಜನ ತಣ್ಣಗಾಗಲಿ, ತಾವು ಹೇಳುವವರೆಗೆ ನೀವು ಅಲ್ಲಾಡಬಾರದಂತೆ. ಮಾವನ ಮುಖದಲ್ಲಿ ಅವತ್ತು ಮೊದಲ ಸಲ ಕಳೆ ಬಂತು. ಅವರನ್ನು ನಾನು ಬೈಯಲಾರೆ, ಮಗ ಜೈಲಿಗೆ ಹೋಗುವುದನ್ನು ಯಾವ ತಂದೆ ನೋಡಿಯಾನು. ಆದರೆ ನೀರಿಗಾಗಿ ಬಾಯಿ ಬಿಡುತ್ತಿರುವ ಜೀವದ ಒಳ್ಳೆಯತನವನ್ನು ನಾವೆಲ್ಲ ಸೇರಿ ಹೀರುತ್ತಿದ್ದೇವೆ ಎನಿಸಿ ಅವತ್ತು ಊಟದ ತಟ್ಟೆಯನ್ನು ಹಾಗೇ ಎತ್ತಿಟ್ಟೆ. ಬಾ ಎಂದು ಬರೆಯಕೂಡದು ಎಂದು ಮಾವ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಅದಕ್ಕೇ ಬರೆದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ, ಅಷ್ಟೆ.

ಊಟ ಬಿಡಬೇಡಿ. ಗಾಯಕ್ಕೆ ಅರಿಶಿನವಾದರೂ ಹಚ್ಚಿ. ಖಾಲಾ ಅವರಿಗೆ ನನ್ನ ಸಲಾಂ ಹೇಳಿ. ಅಮ್ಮಿಯ ದುವಾ, ಮಾವನ ಎಚ್ಚರಿಕೆ, ಜೈಬಾಳ ಮುತ್ತು ಎಲ್ಲ ಈ ಲಕೋಟೆಯಲ್ಲೇ ಇವೆ. ಅಲ್ಲಾಹ್ ನಿಮ್ಮನ್ನು ಕಾಯಲಿ, ನಿಮಗೆ ಧೈರ್ಯವನ್ನೂ ಕೊಡಲಿ.

ಇಂತು,
ಜೈಬಾಳ ಅಮ್ಮಿ
ಸುಮೈರಾ

ತಾ.ಕ.: ಶುಕ್ರವಾರ ಬೆಳಿಗ್ಗೆ, ಶಿರಾ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ಮುಸವೀರ್ ಬಸ್ಸಿನಲ್ಲಿ ಕೂತಾಗಿದೆ. ಕರಿಬಸಮ್ಮ ನಸುಕಿನಲ್ಲಿ ಫೋನು ಮಾಡಿದ್ದರು. ಮೇಡಂ ಹೋಗಿಬಿಟ್ಟರು. ಕೊನೆಗೆ ಡಾಕ್ಟರೇ ಒಂದು ಚಮಚ ನೀರು ಕೊಡಿ ಎಂದರಂತೆ, ಬಾಯಿಗೆ ಹಿಡಿದರೆ ಇವರು ತಲೆ ಆ ಕಡೆ ತಿರುಗಿಸಿ, 'ಇರು ತಾಯಿ, ಹುಡ್ಗ ತರಕ್ ಹೋಗವ್ನೆ' ಎಂದರಂತೆ. ಅವರ ತಮ್ಮ ನಾಳೆ ಬೆಳಿಗ್ಗೆ ಪುಣೆಯಿಂದ ಏರ್‌ಪೋರ್ಟಿಗೆ ಬರುತ್ತಿದ್ದಾರೆ. ಬೂದಿಯನ್ನು ನಿಡಗಲ್ಲಿನ ಆ ಬಂಡೆಯ ಹತ್ತಿರ ಬಿಡಬೇಕೆಂದು ಅಕ್ಕ ಮೊದಲೇ ಹೇಳಿದ್ದರಂತೆ, ಗಾಡಿಗೆ ನಮ್ಮನ್ನೇ ಕೇಳಿದ್ದಾರೆ, ಈ ಕಡೆ ಅವರಿಗೆ ಗೊತ್ತಿರುವುದು ನಮ್ಮ ನಂಬರೊಂದೇ. ಹಳದಿ ಬೋರ್ಡಿನ ಗಾಡಿ ಹೇಳಿದ್ದೇನೆ, ಅವರನ್ನು ಹಿಂದಿನ ಸೀಟಿನಲ್ಲೇ ಕೂರಿಸಬೇಕೆಂದೂ ಹೇಳಿದ್ದೇನೆ. ಆ ಬಂಡೆ ಯಾವುದೆಂದು ಗೊತ್ತಿರುವವರು ಈಗ ನೀವೊಬ್ಬರೇ. ಮಾವನಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ಬನ್ನಿ. ಮುಸವೀರ್ ಜೊತೆಯಲ್ಲೇ ಬನ್ನಿ. ಮೊದಲು ಸ್ಟೇಷನ್ನಿಗೆ ಹೋಗಿ. ಬಂಡೆ ತೋರಿಸಲು ಪೊಲೀಸರು ಬಿಡದಿದ್ದರೆ, ಯಾವುದೆಂದು ಅವರ ತಮ್ಮನಿಗೆ ಬಾಯಲ್ಲಾದರೂ ಹೇಳಿ, ಕ್ಯಾನು ಹೊತ್ತು ಬೆಟ್ಟ ನಾನು ಹತ್ತುತ್ತೇನೆ. ನಿಮ್ಮ ಒಂದು ಚಪ್ಪಲಿ ಜೊತೆಗಿರುವ ಪ್ಲಾಸ್ಟಿಕ್ ಕವರಿನಲ್ಲಿದೆ, ಇನ್ನೊಂದು ನಿಮ್ಮ ಹತ್ತಿರ ಇರಬೇಕು. ಹಾಕಿಕೊಂಡು ಬನ್ನಿ. ದಾರಿಯಲ್ಲಿ ಕೊಡಿಗೇನಹಳ್ಳಿಯ ಹತ್ತಿರ ಇಳಿದು ಚಿಕ್ಕನರಸಯ್ಯನವರಿಗೆ ಒಮ್ಮೆ ಮುಖ ತೋರಿಸಿ. ಬಾವಿಯ ನೀರು ಖಾಲಿ ಮಾಡಿಸಲು ಇವತ್ತು ಪಂಪ್‌ಸೆಟ್ ಇಡುತ್ತಾರಂತೆ, ನಿಮ್ಮನ್ನು ಹುಡುಕಲು.