ಏರಿಯ ಮೇಲೆ ಮಾತ್ರ ಬಡಿದ ಸರಳು

ಹುಬ್ಬಳ್ಳಿ
ಇಸವಿ ೨೦೮೧, ಎರಡನೆಯ ಮಳೆಗಾಲದ ನಡುದಿನ

ಈರಣ್ಣ ಮುಳಗುಂದ ಅವರಿಗೆ,

ನಿಮಗಿನ್ನೂ ಬಾರದ ದಿನದಿಂದ ಬರೆಯುತ್ತಿದ್ದೇನೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆಯ ಮಾತು ಈ ಪತ್ರದಲ್ಲಿ ಇದೊಂದೇ.

ನಿಮ್ಮ ಲೆಕ್ಕದ ನಿನ್ನೆ, ಕೆರೆ ಮುಚ್ಚಿದ ಜಾಗದಲ್ಲಿ ವಸತಿ ಕಟ್ಟಡ ಕಟ್ಟಿಸಲೆಂದು ನೀವು ನೆಲದ ಪರೀಕ್ಷೆ ಮಾಡಿಸಿದಿರಿ. ತುದಿಯಲ್ಲಿ ಉಕ್ಕಿನ ಶಂಕುವಿರುವ ಸರಳನ್ನು ನಿಲ್ಲಿಸಿ, ಮೇಲಿಂದ ಭಾರದ ಸುತ್ತಿಗೆ ಬೀಳಿಸಿ, ಪ್ರತಿ ಪೆಟ್ಟಿಗೆ ಅದು ಎಷ್ಟು ಇಳಿಯುತ್ತದೆಂದು ಅಳೆಯುವ ಪರೀಕ್ಷೆ. ಹಳೆಯ ಏರಿಯ ಮೇಲೆ ಸರಳು ಇಳಿಯಲೇ ಇಲ್ಲ. ಪರೀಕ್ಷೆಯವನು ಅದನ್ನು ಹೊತ್ತು ಕೆರೆಯಂಗಳದ ನಡುವಿಗೆ ಹೊರಟ. ಅಲ್ಲೊಂದು ಮನೆ ಸಿಗಬಹುದೆಂದು ಜಾಗ ನೋಡಲು ಬಂದಿದ್ದ ನನ್ನಜ್ಜಿ ನೀಲವ್ವ ಪಕ್ಕದಲ್ಲೇ ನಿಂತಿದ್ದಳು.

"ಸರ್, ನಡುವ ಇನ್ನೂ ಬಡದಿಲ್ರೀ," ಎಂದ ಅವನು.

"ಏರಿ ಗಟ್ಟಿ ಐತಿಲ್ಲೋ? ಅದನ್ನ ಎಲ್ಲಾ ಕಡೆಗೂ ಬರಕೊಂಡು ನಡಿ," ಎಂದಿರಿ ನೀವು.

ಅದರ ಅರ್ಥ ಅಜ್ಜಿಗೆ ಆಗ ತಿಳಿಯಲಿಲ್ಲ. ಆಮೇಲೆ ನಮಗೆ ಅಲ್ಲೇ ಮನೆ ಸಿಕ್ಕಿ, ಗೋಡೆ ಬಿರುಕು ಬಿಟ್ಟಾಗಲೆಲ್ಲ ಆ ಮಾತನ್ನು ನಮಗೆ ಹೇಳುತ್ತಿದ್ದಳು. ಬಿರುಕಿಗೆ ಸಿಮೆಂಟು ಮೆತ್ತುತ್ತಲೇ ನಾವು ಬೆಳೆದೆವು. ವರ್ಷಕ್ಕೆ ಎರಡು ಮಳೆಗಾಲ ಬರತೊಡಗಿದ ಮೇಲೆ ಕೆಳಗಿನ ಮಣ್ಣು ಅಂಬಲಿಯಾಯಿತು. ಒಂದು ಮಧ್ಯಾಹ್ನ ಕಟ್ಟಡದ ನಡುಭಾಗ ಕುಸಿಯಿತು. ನನ್ನ ತಂಗಿ ಚೆನ್ನಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ನೀರು ತರಲು ಏರಿಯ ಕಡೆ ಹೋಗಿದ್ದೆ. ಅವಳನ್ನು ಹೊರತೆಗೆದಾಗ ಬೆರಳ ಸಂದಿಯಲ್ಲಿ ಹಿಟ್ಟು ಇನ್ನೂ ಹಸಿಯಾಗಿತ್ತು.

ಆ ದಿನದಿಂದ ನಾನು ಸರಳು ಹಿಡಿದೆ. ಈಗ ನಮ್ಮೂರಲ್ಲಿ ಏನು ಕಟ್ಟುವುದಿದ್ದರೂ ಮೊದಲು 'ನೆಲನುಡಿ' ಆಗಬೇಕು. ವಾಸಕ್ಕೆ ಬರುವವರೆಲ್ಲ ಸುತ್ತ ನಿಂತಿರುವಾಗಲೇ ಸರಳು ಬಡಿಯಬೇಕು. 'ಆಸರೆ ತೀರ್ಪು' ಎಂಬುದೂ ಇದೆ: ಸುಳ್ಳು ಪರೀಕ್ಷೆಯಿಂದ ಮನೆ ಕಳೆದುಕೊಂಡವರಿಗೆ, ಆ ಸುಳ್ಳು ಬರೆಸಿದವರ ಮನೆತನದ ಗಟ್ಟಿ ನೆಲ ಸೇರುತ್ತದೆ.

ಆ ತೀರ್ಪಿನಂತೆ ನಿಮ್ಮ ಬಂಗಲೆ ನಮ್ಮ ಪಾಲಿಗೆ ಬಂದಾಗ ಅದರ ಅಂಗಳದಲ್ಲಿ ನಾನೇ ಸರಳು ಬಡಿದೆ. ಎಲ್ಲಿ ಬಡಿದರೂ ಇಳಿಯಲಿಲ್ಲ. ಅಗೆದು ನೋಡಿದರೆ, ನೀರಿಗೆ ಉಬ್ಬುವ ಕರಿಮಣ್ಣನ್ನೆಲ್ಲ ತೆಗೆಸಿ, ಮೊರಂ ಎಂಬ ಗರಸು ಮಣ್ಣು ತುಂಬಿಸಿ, ದಮ್ಮಸು ಹೊಡೆಸಿ ಗಟ್ಟಿ ಮಾಡಿಸಿದ್ದಿರಿ. ನಿಮಗೆ ಎಲ್ಲ ಗೊತ್ತಿತ್ತು. ಅಲ್ಲಿಯವರೆಗೆ ನನ್ನೊಳಗೆ ಒಂದಿಷ್ಟು ಕರುಣೆಯಿತ್ತು.

ನಿಮ್ಮ ಮೊಮ್ಮಗಳು ಸುಕೃತಾ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ಅಜ್ಜ ಮಾಡಿದ್ದಕ್ಕ ನಾವೇನ್ ಮಾಡೇವ್ರೀ?"

"ಚೆನ್ನಿ ಏನ್ ಮಾಡಿದ್ಳವಾ?" ಎಂದೆ.

ಅವಳು ಹಾಸಿಗೆ ಹೊತ್ತು ಹೊರನಡೆದಳು. ನನಗೆ ಅಳು ಬರಲಿಲ್ಲ. ಆ ರಾತ್ರಿ ನಿಮ್ಮ ಪಡಸಾಲೆಯಲ್ಲಿ ಚೆನ್ನಾಗಿ ನಿದ್ದೆ ಬಂತು.

ನಿಮ್ಮ ಇವತ್ತಿನಲ್ಲಿ ನೀವಿನ್ನೂ ಆ ಕಟ್ಟಡಕ್ಕೆ ಪಾಯ ತೋಡಿಲ್ಲ. ಕೆರೆಯಂಗಳದ ನಡುವೆ ಸರಳು ಬಡಿಸಿ, ನಿಮ್ಮ ಮನೆಗೆ ಮಾಡಿಸಿದಂತೆಯೇ ಅಲ್ಲೂ ಮಾಡಿಸಿದರೆ ಚೆನ್ನಿ ಬದುಕುತ್ತಾಳೆ. ನನಗೂ ನಿಮಗೂ ಯಾವ ಲೆಕ್ಕವೂ ಉಳಿಯುವುದಿಲ್ಲ. ಮಾಡಿಸದಿದ್ದರೆ ನಿಮ್ಮ ಬಂಗಲೆಯನ್ನು ಜೋಪಾನವಾಗಿ ನೋಡಿಕೊಳ್ಳಿ. ಗೋಡೆಗೆ ಕಾಲಕಾಲಕ್ಕೆ ಸುಣ್ಣ ಬಳಿಸಿ.

ನಾವು ಬರುತ್ತೇವೆ.

ಗಂಗವ್ವ ಹಾದಿಮನಿ